ಗೌಳೇರ ದಿಬ್ಬದ ದಾಖಲೆ

ಐವತ್ತೊಂದನೆಯ ಹುಟ್ಟುಹಬ್ಬದ ಬೆಳಿಗ್ಗೆ ಹತ್ತಿ ವ್ಯಾಪಾರಿ ಗುರುಬಸವ ಧಾರವಾಡದ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ಸಾರಿದ: “ದೀಪಾವಳಿ ಬರೂದ್ರಾಗ ಈ ಅವಳಿ ನಗರದಾಗ ಸೈಕಲ್ ಮ್ಯಾಲೆ ನನ್ನ ಹಿಂದ ಹಾಕೋ ಮಂದಿ ಒಬ್ರೂ ಉಳಿಯಂಗಿಲ್ಲ.”

ಈ ಮಹಾಪ್ರತಿಜ್ಞೆಯನ್ನು ಕೇಳಲು ಅಲ್ಲಿದ್ದದ್ದು ಹೆಂಡತಿ ರಜನಿ ಮತ್ತು ಗೋಡೆಗೆ ಒರಗಿದ್ದ ಹೊಸ ಸೈಕಲ್ಲು. ರಜನಿ ಹೈಸ್ಕೂಲು ಟೀಚರು. ಮೂವತ್ತು ವರ್ಷಗಳಿಂದ ಹುಡುಗರ ಸುಳ್ಳು ಕೇಳಿ ಕೇಳಿ ಅವಳ ಎಡಹುಬ್ಬು ತುಸು ಮೇಲೇ ನಿಂತುಬಿಟ್ಟಿತ್ತು.

“ಇದು ನಿಮ್ಮಪ್ಪಾರು ಹೊಡೀತಿದ್ದಂಥಾ ಸೈಕಲ್ ಅಲ್ಲ. ಒಂದ ಬಟ್ಟಿನ್ಯಾಗ ಎತ್ತಬಹುದು,” ಎಂದು ಗುರುಬಸವ ಕಿರುಬೆರಳು ತೋರಿಸಿದ. “ನೋಡು, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಗಂಟಿ ಸುದ್ದಾ ಇಲ್ಲ.”

“ಅಷ್ಟೆಲ್ಲಾ ಬಿಚ್ಚಿ ಇಟಗೊಂಡು ಉಳದದ್ದನ್ನ ನಿಮಗ ಕೊಟ್ಟಾರೇನ?” ಎಂದಳು ರಜನಿ.

ಗುರುಬಸವ ಸೈಕಲ್ಲಿನ ಸೀಟು ಒರೆಸಿದ. ಸೈಕಲ್ಲು ಬಂದ ದಿನದಿಂದ ಅವನಿಗೆ ಮನುಕುಲದ ಮೇಲೆಯೇ ತಾತ್ಸಾರ ಹುಟ್ಟಿತ್ತು. ಸ್ಕೂಟರಿನಲ್ಲಿ ಹೋಗುವವರು ಸೋಮಾರಿಗಳು. ಕೆರೆಯ ಸುತ್ತ ನಡೆಯುವವರು ಮುದುಕರು. ತಾನೇ ಸೇರಿಕೊಂಡಿದ್ದ ‘ಗಾಲಿ ಬಳಗ’ದ ಅರವತ್ತು ಸದಸ್ಯರು ಬರೀ ಹವ್ಯಾಸಿಗಳು. ಅವರಲ್ಲೂ ತಸ್ಲೀಮಾಳ ಸೈಕಲ್ಲು ಕಂಡರೆ ಅವನಿಗೆ ನಗು. ಹಳೇ ಪೇಟೆಯ ಸೈಕಲ್ ರಿಪೇರಿ ಹುಸೇನಬಾಷಾ ಅವರ ಮಗಳು ಆಕೆ, ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅಪ್ಪ ಮೂರು ಹಳೆಯ ಸೈಕಲ್ಲುಗಳ ಭಾಗ ಕೂಡಿಸಿ ಮಾಡಿಕೊಟ್ಟದ್ದನ್ನೇ ಆಕೆ ತುಳಿಯುತ್ತಿದ್ದಳು. “ಅದನ್ನ ತುಳೀಲಿಕ್ಕೆ ಬರತೈತೋ, ತೂಕಕ್ಕ ಹಾಕಲಿಕ್ಕೆ ಬರತೈತೋ,” ಎಂದು ಗುರುಬಸವ ಬಳಗದವರೆದುರೇ ಅಂದಿದ್ದ. ಹಳಿಯಾಳ ರಸ್ತೆಯ ಗೌಳೇರ ದಿಬ್ಬವನ್ನು ಆಚೆ ಕೆರೆಯ ಕಡೆಯಿಂದ ಆರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಏರಿದ ಬಳಗದ ದಾಖಲೆ ಆಕೆಯದೇ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಅಂದಿದ್ದ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಅವನ ದಿಗ್ವಿಜಯ ಹೊರಟಿತು. ಮೈಗಂಟಿದ ಕೇಸರಿ ಅಂಗಿ, ಪೆಡಲಿಗೆ ಟಕ್ಕೆಂದು ಸಿಕ್ಕಿಕೊಳ್ಳುವ ಬೂಟು, ವೇಗ-ದೂರ-ಎದೆಬಡಿತ ಎಲ್ಲವನ್ನೂ ಬರೆದುಕೊಂಡು ತಾನೇ ಬಳಗದ ಗ್ರೂಪಿಗೆ ಕಳಿಸುವ ಕೈಗಡಿಯಾರ. ರಜನಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕೊಡಲು ಬಂದಳು.

“ತೂಕ ಆಗತೈತಿ. ಪಂಪನ್ನೂ ಬಿಟ್ಟೇನಿ. ಒಂದೊಂದು ಗ್ರಾಂ ಲೆಕ್ಕ ಇರತೈತಿ ಇದರಾಗ.”

ರಜನಿ ಅವನ ಕೇಸರಿ ಅಂಗಿಯ ನಡುಭಾಗವನ್ನು ಒಮ್ಮೆ ನೋಡಿದಳು. “ಲೆಕ್ಕ ರೊಟ್ಟಿಯಿಂದನ ಚಾಲೂ ಮಾಡಬೇಕೇನ್ರಿ?”

ಊರು ದಾಟಿದ ಮೇಲೆ ರಸ್ತೆ ಸಾಗವಾನಿ ಕಾಡಿನೊಳಗೆ ಸಣ್ಣಗೆ ಏರುತ್ತ ಇಳಿಯುತ್ತ ಸಾಗುತ್ತದೆ. ಗುರುಬಸವ ಇಳಿಜಾರಿನಲ್ಲಿ ಹಾರಿದ, ಏರಿನಲ್ಲಿ ಗಾಳಿಯನ್ನು ಬೈದ. ಒಂದು ಹಳ್ಳಿಯ ಚಹಾದಂಗಡಿಯ ಮುಂದೆ ನಾಲ್ಕು ಜನ ಕೂತಿದ್ದು ಕಂಡು, ಅವರಿಗೂ ದರ್ಶನ ಕೊಡೋಣವೆಂದು ಸೈಕಲ್ಲು ನಿಲ್ಲಿಸಿದ. ಸೈಕಲ್ಲು ನಿಂತಿತು, ಬೂಟು ಪೆಡಲನ್ನು ಬಿಡಲಿಲ್ಲ. ಕಡಿದ ಮರದಂತೆ ಎಡಕ್ಕೆ ಒರಗಿದ. ಅದೇ ಹೊತ್ತಿಗೆ ತಸ್ಲೀಮಾ ದಿಬ್ಬ ಮುಗಿಸಿ ವಾಪಸು ಬರುತ್ತಿದ್ದಳು.

“ಸರ, ಕೈ ಕೊಡ್ಲೇನ್ರಿ?”

“ಬ್ಯಾಡವಾ. ಮಗ್ಗಲಿನ ವ್ಯಾಯಾಮ ಮಾಡಾಕತ್ತೇನಿ,” ಎಂದ ಗುರುಬಸವ ನೆಲದಿಂದ.

ತಸ್ಲೀಮಾ ತಲೆಯಾಡಿಸಿ ಮುಂದೆ ಹೋದಳು. ಅವಮಾನದ ಉರಿಗೆ ಗುರುಬಸವ ಅರ್ಧ ತಾಸು ಜೋರಾಗಿಯೇ ತುಳಿದ. ಗೌಳೇರ ದಿಬ್ಬವನ್ನು ಆಚೆಗೆ ಇಳಿದು ಕೆರೆಯ ಹತ್ತಿರ ಬಂದ. ಜೊಂಡು ಬೆಳೆದ ಅಂಚು, ಮೊಣಕಾಲು ನೀರಿನಲ್ಲಿ ನಿಂತ ಕೊಕ್ಕರೆಗಳು, ನೀರಿನ ಮೇಲೆ ಇಬ್ಬನಿ. ಇಷ್ಟು ಚೆಲುವಿದ್ದೂ ಅದರ ನಡುವೆ ತನ್ನ ಸೈಕಲ್ಲು ಇಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ಫೋಟೋ ತೆಗೆಯಲು ಸೈಕಲ್ಲನ್ನು ಹೆಗಲಿಗೇರಿಸಿ ಜಾಲಿಗಿಡಗಳ ನಡುವೆ ಇಳಿದ. ಕೆಸರು ಸಿಕ್ಕಿತು. ಬೂಟು ಹೂತವು. ಎದುರಿನ ಜೊಂಡು ಅಲುಗಿತು.

ಹೊರಗೆ ಬಂದದ್ದು ಕಪ್ಪಾಗಿತ್ತು, ಮೈತುಂಬ ಕೆಸರಿತ್ತು, ಮೂಗಿನಿಂದ ಬುಸ್ ಎನ್ನುತ್ತಿತ್ತು. ಗೌಳಿಗರ ಎಮ್ಮೆ ಹಿಂಡಿನದು. ಅದು ಎಷ್ಟು ಎತ್ತರವಿದೆ ಎಂದು ಅಳೆಯುವ ಮನಸ್ಥಿತಿಯಲ್ಲಿ ಗುರುಬಸವ ಇರಲಿಲ್ಲ. ಒಂದು ಬೆರಳಿನಲ್ಲಿ ಎತ್ತಬಹುದಾದ ಸೈಕಲ್ಲನ್ನು ಗುರಾಣಿಯಂತೆ ಅಡ್ಡ ಹಿಡಿದು ನಿಂತ. ಅದೂ ನಿಂತಿತು. ಅವನು ಎಡಕ್ಕೆ ವಾಲಿದರೆ ಅದೂ ಎಡಕ್ಕೆ ವಾಲಿತು. ಅವನು ಬಸವಣ್ಣನನ್ನು ನೆನೆದರೆ ಅದು ಬಾಲ ಎತ್ತಿ ಸಗಣಿ ಹಾಕಿತು. ಕೊನೆಗೆ ಎಮ್ಮೆ ಕಾಯುವ ರುಕ್ಮವ್ವ ಎಂಬ ಮುದುಕಿ ಬಂದು ಅದರ ಕಿವಿ ಹಿಡಿದು ಎಳೆದುಕೊಂಡು ಹೋದಳು.

“ಅದಕ್ಯಾಕ ಅಂಜಿಸೀರಿ?” ಎಂದು ಹೋಗುವಾಗ ಗುರುಬಸವನನ್ನೇ ಬೈದಳು.

ರಸ್ತೆಗೆ ಬಂದು ನೋಡಿದರೆ ಎರಡೂ ಗಾಲಿಗಳಲ್ಲಿ ಜಾಲಿಮುಳ್ಳು. ಪಂಪು ಮನೆಯಲ್ಲಿ, ಬುತ್ತಿ ಮನೆಯಲ್ಲಿ. ಧಾರವಾಡದ ಕಡೆ ಹೊರಟಿದ್ದ ಕೋಳಿ ಸಾಗಿಸುವ ಪಿಕಪ್ಪಿನ ಡ್ರೈವರ್ ಆಫ್ತಾಬ ಗಾಡಿ ನಿಲ್ಲಿಸಿದ. ಸೈಕಲ್ಲು, ಹೆಲ್ಮೆಟ್ಟು ಹಿಂದೆ ಕೋಳಿ ಪಂಜರಗಳ ಮೇಲೆ ಕೂತವು. ಗುರುಬಸವ ಮುಂದೆ ಕೂತ. ತಂಗಾಳಿ ಬೀಸಿತು. ಗೌಳೇರ ದಿಬ್ಬದ ಬುಡದಲ್ಲೇ ಅವನಿಗೆ ಗಾಢ ನಿದ್ದೆ ಹತ್ತಿತು. ಗಡಿಯಾರ ಮಾತ್ರ ಎಚ್ಚರವಿತ್ತು.

ಓಣಿಯ ತಿರುವಿನಲ್ಲೇ ಇಳಿದು, ಸೈಕಲ್ಲು ತಳ್ಳುತ್ತ ಮನೆ ಸೇರಿ ಗಡಿಯಾರದ ಗುಂಡಿ ಒತ್ತಿದ. ಅರ್ಧ ತಾಸಿನಲ್ಲಿ ಫೋನು ಗಿಜಿಗುಡತೊಡಗಿತು. ಗೌಳೇರ ದಿಬ್ಬ, ಎರಡು ನಿಮಿಷ ಐವತ್ತು ಸೆಕೆಂಡು. ಹೊಸ ದಾಖಲೆ. ಬರುವ ಭಾನುವಾರ ಬಳಗದಿಂದ ಶಾಲು, ಹಾರ, ಎರಡು ಮಾತು.

“ನಿಜ ಹೇಳಿಬಿಡ್ರಿ,” ಎಂದಳು ರಜನಿ, ಅವನ ಹೆಲ್ಮೆಟ್ಟಿನ ತೂತಿನಿಂದ ಕೋಳಿಪುಕ್ಕ ಎಳೆಯುತ್ತ.

“ನಾ ಏನ ಸುಳ್ಳು ಹೇಳೇನಿ? ನನ್ನ ಯಾರೂ ಕೇಳೇ ಇಲ್ಲಲ್ಲ.”

ಕೇಳುವವರು ಬುಧವಾರ ಸಂಜೆ ಬಂದರು. ತಸ್ಲೀಮಾ ಡ್ಯೂಟಿ ಮುಗಿಸಿ, ಅಪ್ಪ ಕೂಡಿಸಿಕೊಟ್ಟ ಸೈಕಲ್ಲಿನಲ್ಲೇ ಬಂದಿದ್ದಳು. ರಜನಿ ಕೊಟ್ಟ ಚಹಾ ಪಕ್ಕಕ್ಕಿಟ್ಟು ಸಣ್ಣ ನೋಟ್‌ಬುಕ್ ತೆರೆದಳು.

“ಸರ, ದಿಬ್ಬ ಹೆಂಗ ಏರಿದ್ರಿ, ನನಗಷ್ಟು ಹೇಳ್ರಿ. ಯಾವ ಗೇರಿನ್ಯಾಗ ಇದ್ರಿ?”

ಗುರುಬಸವ ಗಂಟಲು ಸರಿಪಡಿಸಿಕೊಂಡ. “ಗೇರ್ ಮುಖ್ಯ ಅಲ್ಲವಾ. ಉಸಿರು. ಒಂದ ಹೊಟ್ಟ್ಯಾಗ ಹಿಡೀಬೇಕು, ಒಂದ ಎದ್ಯಾಗ.” ಆಕೆ ಬರೆದುಕೊಂಡಳು. ಅವನು ಇನ್ನೂ ನಾಲ್ಕು ಮಾತು ಹೇಳಿದ. ಅದನ್ನೂ ಬರೆದುಕೊಂಡಳು.

“ಎಂಟು ತಿಂಗಳಾತ್ರಿ ನಾ ಆ ದಿಬ್ಬ ಏರಾಕ ಹತ್ತಿ,” ಎಂದಳು ತಲೆ ಎತ್ತದೆ. “ಡ್ಯೂಟಿಗಿಂತ ಮೊದಲ, ಐದಕ್ಕ ಎದ್ದು. ಬರೇ ಹತ್ತು ಸೆಕೆಂಡ್ ಕಮ್ಮಿ ಮಾಡಾಕ ಎರಡು ತಿಂಗಳ ಹಿಡೀತು. ನಮ್ಮ ಅಪ್ಪಾ ನನ್ನ ಸೈಕಲ್ಲಿಂದ ತಪ್ಪೇನೋ ಅಂತ ಐತವಾರ ಮಧ್ಯಾಹ್ನೆಲ್ಲಾ ಚೈನ್ ಬಿಚ್ಚಿ ಕುಂತಿದ್ರು.”

ಗುರುಬಸವನ ಕಣ್ಣು ಆಕೆಯ ಅಂಗೈ ಮೇಲೆ ಬಿತ್ತು. ಹ್ಯಾಂಡಲ್ ಹಿಡಿದು ಹಿಡಿದು ಅಲ್ಲಿ ಗಟ್ಟಿಯಾದ ಗಂಟುಗಳಿದ್ದವು. ಅಡುಗೆಮನೆಯ ಬಾಗಿಲಲ್ಲಿ ರಜನಿ ನಿಂತಿದ್ದಳು, ಎಡಹುಬ್ಬು ತನ್ನ ಜಾಗದಲ್ಲಿತ್ತು. ಅವನಿಗೆ ಬೇಸಿಗೆಯಲ್ಲಿ ಶಾಲು ಹೊದ್ದಷ್ಟು ಸೆಕೆ ಆಯಿತು.

“ಬರಕೊಂಡದ್ದ ಹರದ ಒಗಿ ತಂಗಿ,” ಎಂದ. “ನಾ ಏರಿಲ್ಲ. ಕೋಳಿ ಗಾಡ್ಯಾಗ ಕುಂತ ಬಂದೇನಿ. ದಾಖಲೆ ನಿಂದೇ ಐತಿ.”

ತಸ್ಲೀಮಾ ನೋಟ್‌ಬುಕ್ ಮುಚ್ಚಿದಳು. “ಗೊತ್ತಿತ್ರಿ ಸರ.”

“ಗೊತ್ತಿತ್ತು?”

ಆಕೆ ಫೋನು ಮುಂದೆ ಹಿಡಿದಳು. “ದಿಬ್ಬ ಏರೂಮುಂದ ನಿಮ್ಮ ಎದಿಬಡಿತ ಅರವತ್ತೆರಡು ಬರದೈತ್ರಿ ಗಡಿಯಾರ. ಅದು ಮಲಗಿದಾವ್ರದ್ದು. ಐತವಾರ ಸಂಜೀಕನ ಗ್ರೂಪಿನ್ಯಾಗ ಎಲ್ಲಾರೂ ನೋಡೀವಿ. ಶಾಲು ಹೊದಸೂ ಹೊತ್ತಿಗೂ ನೀವು ಬಾಯಿ ಬಿಡಂಗಿಲ್ಲ ಅಂತ ಅಂದ್ರು. ನಾ ಒಬ್ಬಾಕಿ, ಕೇಳಿದ್ರ ಹೇಳ್ತಾರ ಅಂದೆ. ಅದಕ್ಕ ಬಂದೆ.”

ಗುರುಬಸವ ಕುರ್ಚಿಯಲ್ಲಿ ಇನ್ನಷ್ಟು ಕೆಳಗೆ ಜಾರಿದ.

“ಒಂದು ಮಾತ್ರ ಗೊತ್ತಾಗಿಲ್ರಿ,” ಎಂದಳು ತಸ್ಲೀಮಾ, ಪರದೆಯ ಮೇಲೆ ಬೆರಳು ಜರುಗಿಸುತ್ತ. “ಕೆರಿ ಹತ್ರ ಹನ್ನೊಂದು ನಿಮಿಷ ವೇಗ ಸೊನ್ನಿ ಐತಿ, ಎದಿಬಡಿತ ನೂರಾ ಎಪ್ಪತ್ತೊಂದು. ನಿಂತ ಜಾಗಾದಾಗ ಅಷ್ಟು ಹೆಂಗ ಏರಿತು? ಇದರ ಬಗ್ಗೆನ ನಿಮ್ಮನ್ನ ಬಿಟ್ಟು ಬಳಗದಾಗ ಭಾಳ ಚರ್ಚೆ ಆಗೈತ್ರಿ.”

ಗುರುಬಸವ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ.

“ಹೇಳ್ರಿ,” ಎಂದಳು ರಜನಿ ಬಾಗಿಲಿನಿಂದ.

“ಎಮ್ಮಿ,” ಎಂದ ಗುರುಬಸವ. “ಅಡ್ಡ ನಿಂತಿತ್ತು.”

“ಅಯ್ಯ, ಹಾಯಾಕ ಬಂದಿತ್ತೇನ್ರಿ? ಕೋಡು ದೊಡ್ಡವಿದ್ವೇನು?” ತಸ್ಲೀಮಾಳ ದನಿಯಲ್ಲಿ ನಿಜವಾದ ಕಳವಳವಿತ್ತು.

ಗುರುಬಸವ ನೆಲ ನೋಡಿದ.

“ಕೋಡು ಇನ್ನಾ ಮೂಡಿದ್ದಿಲ್ಲ. ಕರು.”