ಅಪ್ಪನ ವಾಲ್ವ್ ಸೆಟ್ಟಿನ ಗುಂಯ್ ಮತ್ತು ಸುಸ್

ನೆನಪನ್ನು ನಂಬಬಾರದು ಎಂದು ಊರಿಗೆಲ್ಲ ಹೇಳುತ್ತ ತಿರುಗುವ ನಾನು ಒಂದು ನೆನಪನ್ನು ಮಾತ್ರ ಒರೆಸಿ ಒರೆಸಿ ಇಟ್ಟುಕೊಂಡಿದ್ದೆ. ಬೋಳಾರದ ನಮ್ಮ ಮನೆಯ ಚಾವಡಿ, ಹೊರಗೆ ಆಟಿ ತಿಂಗಳ ಮಳೆ, ಒಳಗೆ ಆಂಪ್ಲಿಫೈಯರಿನ ಗಾಜಿನ ವಾಲ್ವುಗಳ ಕೆಂಪು, ಅದರೆದುರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಹಾಡು ಕೇಳುತ್ತಿರುವ ಅಪ್ಪ. ಇಷ್ಟು ಚೊಕ್ಕ ಚಿತ್ರ ನಿಜವಿರಲಾರದು ಎಂದು ಬೇರೆಯವರದಾಗಿದ್ದರೆ ನಾನೇ ನಗುತ್ತಿದ್ದೆ. ನನ್ನದಾದ್ದರಿಂದ, ಅಪ್ಪ ಕೇಳಿದ್ದನ್ನು ಅಪ್ಪ ಕೇಳಿದ ಹಾಗೆಯೇ ಒಮ್ಮೆ ಕೇಳಬೇಕೆಂದು ಈ ಮಳೆಗಾಲ ಆ ಹಳೆಯ ಸೆಟ್ಟನ್ನು ಅಟ್ಟದಿಂದ ಇಳಿಸಿದೆ.

ಹಾಡಿಗಿಂತ ಮೊದಲು ಬಂದದ್ದು ಗುಂಯ್; ನಂತೂರು ಸರ್ಕಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಲಾರಿಯ ಹಾಗೆ. ಅದರ ಹಿಂದೆಯೇ ಸುಸ್. ನೀರುದೋಸೆಯ ಕಾವಲಿಗೆ ಹಿಟ್ಟು ಹೊಯ್ದ ಹಾಗೆ. ಹೆಂಡತಿ ಸುಜಾತ ಬಾಗಿಲಲ್ಲಿ ನಿಂತಳು. "ಎಂತ ಮಾರಾಯ್ರೇ, ಹಾಡೋ ಗಿರಣಿಯೋ? ಆ ಮೂಲೆಯಲ್ಲಿ ನನಗೆ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇಡ್ಲಿಕ್ಕುಂಟು. ಆದಿತ್ಯವಾರದೊಳಗೆ ಇದು ಬಾಯಿ ಮುಚ್ಚದಿದ್ರೆ ಗುಜರಿಯವನನ್ನು ಕರೀತೇನೆ."

ಗುಂಯ್ ಬೇಗ ಸಿಕ್ಕಿತು. ರೆಕಾರ್ಡ್ ಪ್ಲೇಯರಿನ ವಯರು ಟ್ರಾನ್ಸ್‌ಫಾರ್ಮರಿಗೆ ಒರಗಿ ಬಿದ್ದಿತ್ತು. ದೂರ ಸರಿಸಿದೆ, ಲಾರಿ ಹೊರಟುಹೋಯಿತು. ಸುಸ್ ಮಾತ್ರ ಜಾಣ. ವಾಲ್ವು ಕಿತ್ತು ಸಾಕೆಟ್ಟು ಒರೆಸಿದರೆ ಹೋಗುತ್ತದೆ, ಮರುದಿನ ಸಂಜೆ ಹಾಜರು. ಇನ್ನೊಂದು ವಿಚಿತ್ರ: ನಾನು ಆಫೀಸಿನಿಂದ ಬಂದಾಗ ಆಫ್ ಆಗಿರುವ ಸೆಟ್ಟು ಬೆಚ್ಚಗಿರುತ್ತಿತ್ತು. ಅಪ್ಪನ ಅಂಗೈಯ ಬಿಸಿ ಎಂಬ ಸಾಲೊಂದು ತಲೆಯಲ್ಲಿ ಸುಳಿಯಿತು. ನಾಚಿಕೆಯಾಗಿ ಅಲ್ಲೇ ಹೊಡೆದುಹಾಕಿದೆ.

ಶನಿವಾರ ಮಧ್ಯಾಹ್ನವೇ ಮನೆಗೆ ಬಂದೆ. ಸೆಟ್ಟು ಆನ್ ಇದೆ, ಹಾಡಿಲ್ಲ. ಮೇಲೆ ಒಂದು ತೆಳು ಬಟ್ಟೆ. ಬಟ್ಟೆಯ ಮೇಲೆ ಹಲಸಿನ ಹಪ್ಪಳ, ಅವನ್ನು ಒಂದೊಂದಾಗಿ ಮಗುಚುತ್ತಿರುವ ಅಮ್ಮ.

"ಅಮ್ಮಾ, ಎಂತ ಇದು?"

"ಹಪ್ಪಳ. ಕಾಣುದಿಲ್ವಾ? ಮಳೆಗೆ ಮೆತ್ತಗಾಗಿದೆ. ಇಷ್ಟು ಹದ ಬಿಸಿ ಬೇರೆ ಎಲ್ಲಿ ಉಂಟು?"

ಹಪ್ಪಳದ ಉಪ್ಪಿನ ಚೂರುಗಳು ಬಟ್ಟೆ ಸರಿದಾಗೆಲ್ಲ ಸೆಟ್ಟಿನ ಮೇಲಿನ ತೂತಿನಿಂದ ಸಾಕೆಟ್ಟಿಗೆ ಉದುರಿ, ಹೊಳೆಯ ಕಡೆಯ ಗಾಳಿಗೆ ನೀರೊಡೆದು ಸುಸ್ ಎನ್ನುತ್ತಿದ್ದವು. "ಅಪ್ಪ ಇದ್ದಿದ್ದರೆ ಎಂತ ಹೇಳ್ತಿದ್ದರು?" ಎಂದೆ.

"ಅವರೇ ಅಲ್ವಾ ಕಲಿಸಿದ್ದು! ಒಲೆ ಹತ್ತಿರ ಇಟ್ರೆ ಹೊಗೆ ವಾಸನೆ ಅಂತ ಅವರೇ ಸೆಟ್ಟು ಹಾಕಿ, ಬೆಕ್ಕು ಬಾರದ ಹಾಗೆ ಎದುರು ಕೂತ್ಕೊಳ್ತಿದ್ರು."

"ಕಣ್ಣು ಮುಚ್ಚಿ ಹಾಡು ಕೇಳ್ತಿದ್ದರಲ್ಲ?"

"ನಿದ್ದೆ ಮಗಾ! ಒಂದು ಸಾಲು ಆಗುವಾಗ ಗೊರಕೆ. ಬೆಕ್ಕು ತಿಂದು ಹೋದ್ರೂ ಗೊತ್ತಿಲ್ಲ."

ಅಮ್ಮನ ನೆನಪೂ ನೆನಪೇ ತಾನೆ, ನಂಬಬೇಕೆಂದೇನಿಲ್ಲ ಎಂದು ಸಮಾಧಾನ ಮಾಡಿಕೊಂಡು ಸೆಟ್ಟನ್ನು ಪೂರ್ತಿ ಬಿಚ್ಚಿದೆ. ಹೊಸ ಚೂರುಗಳ ಅಡಿಯಲ್ಲಿ, ಬ್ರಷ್ಷಿಗೂ ಬಾರದಷ್ಟು ಗಟ್ಟಿಯಾಗಿ, ಕಪ್ಪಾದ, ಅಪ್ಪನ ಕಾಲದ ಹಪ್ಪಳದ ಚೂರುಗಳಿದ್ದವು. ಕೆರೆಯುವಾಗ ಕಣ್ಣು ಮಂಜಾಯಿತು. ಎಷ್ಟೆಂದರೂ ಆ ಚಾವಡಿಯಿಂದ ನನಗೆ ದಕ್ಕಿದ ನಿಜವಾದ ವಸ್ತು ಅದೊಂದೇ.

ಆದಿತ್ಯವಾರ ಸುಜಾತ ಪರೀಕ್ಷೆಗೆ ಬಂದಳು. ಗುಂಯ್ ಇಲ್ಲ, ಸುಸ್ ಇಲ್ಲ. ಅವಳು ಹಾಡಿಗೆ ಕಿವಿ ಕೊಡದೆ ಸೆಟ್ಟಿನ ಮೇಲೆ ಕೈಯಿಟ್ಟು ನೋಡಿದಳು. "ಇರ್ಲಿ ಬಿಡಿ. ಸಾಕ್ಸ್ ಕೂಡ ಒಣಗ್ತದೆ."

ಹಾಗೆ ಸೆಟ್ಟು ಉಳಿಯಿತು. ಈಗ ಅದರ ಮೇಲೆ ತುಸು ಎತ್ತರಕ್ಕೆ ಬೆತ್ತದ ತಟ್ಟೆ, ತಟ್ಟೆಯಲ್ಲಿ ಹಪ್ಪಳ, ಎದುರು ಕುರ್ಚಿಯಲ್ಲಿ ಕಾವಲಿಗೆ ನಾನು. ಹಾಡು ಹಾಕುತ್ತೇನೆ, ಕಣ್ಣು ಮುಚ್ಚುತ್ತೇನೆ. ಅಪ್ಪ ಕೇಳಿದ್ದನ್ನು ಅಪ್ಪ ಕೇಳಿದಷ್ಟೇ ಕೇಳುತ್ತಿದ್ದೇನೆ: ಮೊದಲನೆಯ ಸಾಲು. ಮುಂದಿನದು ಬೆಕ್ಕಿಗೆ ಗೊತ್ತಿರಬೇಕು.