ಆಕಾಶದಲ್ಲಿ ನನ್ನೊಬ್ಬನಿಗೇ ಕಾನೂನು

ಹೊಲಕ್ಕೆ ಔಷಧಿ ಹೊಡೆಯೋ ಡ್ರೋನ್ ಹಾರಿಸೋದು ನನ್ನ ಕೆಲಸ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಎಲ್ಲಿ ಹಾರಿಸಿದರೂ ಒಂದಲ್ಲ ಒಂದು ರಾಮಾಯಣ. ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡವನು ನಾನು. ಮೇಲೆ ಏನಾದರೂ ಡಿಕ್ಕಿಯಾದರೆ ಲೈಸೆನ್ಸೂ ಹೋಯ್ತು, ಅನ್ನವೂ ಹೋಯ್ತು. ಮಿಕ್ಕವರಿಗೆ ಮಾತ್ರ ಆಕಾಶ ಅಂದ್ರೆ ಊರ ಗೋಮಾಳ.

ಮದುವೆ ಮಂಜು

ಬುಕ್ಕಾಪಟ್ಟಣದ ಹತ್ತಿರ ತೊಗರಿಗೆ ಹುಳುವಿನ ಔಷಧಿ ಹೊಡೀತಿದ್ದೆ. ಎದುರಿಗೇ ಇನ್ನೊಂದು ಪುಟ್ಟ ಡ್ರೋನ್ ಗುಂಯ್ ಅಂತ ಬಂತು. ನನ್ನದನ್ನು ಅಲ್ಲೇ ನಿಲ್ಲಿಸಿದೆ. ನೋಡಿದರೆ ಬದುವಿನ ಮೇಲೆ ಮದುವೆಯಾಗೋ ಜೋಡಿ, ಜೊತೆಗೆ ಫೋಟೋಗ್ರಾಫರ್. ನಾನು ಹೊಡೀತಿರೋದು ವಿಷ, ಮೊದಲು ಆ ಡ್ರೋನ್ ಇಳಿಸಿ ಆಚೆ ಹೋಗ್ರಿ ಅಂತ ಬೈದೆ. ಅವನು ಸ್ಕ್ರೀನ್‌ನಿಂದ ತಲೆಯೇ ಎತ್ತದೆ, "ಮಂಜು ಬಿದ್ದಂಗೆ ಸಖತ್ತಾಗಿ ಬಂದೈತೆ ಅಣ್ಣ, ಇನ್ನೊಂದ್ ರೌಂಡ್ ಹೊಡಿ" ಅಂದ.

ದೃಷ್ಟಿ ಸರ

ನಾಗಲಮಡಿಕೆ ಕಡೆ, ಅಮಾವಾಸ್ಯೆ ದಿನ. ನಾನು ಔಷಧಿ ಬೆರೆಸಿ ಬರೋಷ್ಟರಲ್ಲಿ ಹೊಲದ ಯಜಮಾನರು ಡ್ರೋನಿನ ಕಾಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಬಿಟ್ಟಿದ್ದರು. ರೆಕ್ಕೆಗೆ ದಾರ ಸುತ್ತಿಕೊಂಡರೆ ಯಾರ ತಲೆ ಮೇಲೆ ಬೀಳುತ್ತೋ ಅಂತ ರೇಗಿ ಬಿಚ್ಚಿ ಎಸೆದೆ. ಅವರು ನನಗಿಂತ ಜೋರಾಗಿ ರೇಗಿದರು. ಕೊನೆಗೆ, "ಸರಿ ಬಿಡಪ್ಪಾ, ಮೊದ್ಲು ನಮ್ಮ ದಾಯಾದಿ ಹೊಲದ ಮೇಲೆ ಒಂದ್ ಸುತ್ತು ಹಾರ್ಸು. ಬಿದ್ರೆ ಅಲ್ಲೇ ಬೀಳ್ಲಿ" ಅಂದರು.

ಠಾಣೆಯಲ್ಲಿ ಡ್ರೋನು

ಇದು ಯಾವೂರು ಅಂತ ಹೇಳಲ್ಲ, ನಾಳೆ ನಾನು ಅಲ್ಲೂ ಹಾರಿಸಬೇಕು. ದೊಡ್ಡ ಮನುಷ್ಯರೊಬ್ಬರ ಹೆಲಿಕಾಪ್ಟರ್ ಬರೋದಿತ್ತು. ಅವತ್ತು ಯಾರೂ ಡ್ರೋನ್ ಹಾರಿಸಬಾರದು ಅಂತ ಆದೇಶ. ನ್ಯಾಯವೇ. ಆದರೆ ಹಾರಿಸೋ ಮುಂಚೆ ಪ್ರತಿ ಸಲ ಹೆಸರು, ವಿಳಾಸ ಬರೆದು ಠಾಣೆಗೆ ಅರ್ಜಿ ಕೊಡೋ ದಡ್ಡ ನಾನೊಬ್ಬನೇ. ಅವರ ಫೈಲಲ್ಲಿ ಬೇರೆ ಹೆಸರೇ ಇಲ್ಲ. ಬೆಳಗ್ಗೇನೇ ಪೊಲೀಸರು ಬಂದು ನನ್ನನ್ನೂ ಡ್ರೋನನ್ನೂ ಜೀಪಿಗೆ ಹಾಕ್ಕೊಂಡು ಹೋದರು.

ಹೆಲಿಕಾಪ್ಟರ್ ಬಂತು. ಮೂರು ಸುತ್ತು ಹಾಕಿ ಇಳಿಯದೆ ವಾಪಸ್ ಹೋಯ್ತು. ಸ್ವಾಗತಕ್ಕೆ ಬಂದವರ ನಾಲ್ಕು ಡ್ರೋನು ಮೈದಾನದ ಮೇಲೆ ವಿಡಿಯೋ ಮಾಡ್ತಿದ್ದವು, ಠಾಣೆ ಕಿಟಕಿಗೇ ಕಾಣ್ತಿತ್ತು. ಡ್ರೋನಿನವನನ್ನ ಹಿಡೀರಿ ಅಂತ ಠಾಣೆಯ ಸಾಹೇಬರಿಗೆ ಮೇಲಿಂದ ಫೋನು ಬಂತು. "ಬೆಳಗ್ಗೇನೇ ಹಿಡಿದಿದ್ದೀವಿ ಸಾರ್" ಅಂದರು. ಆಮೇಲೆ ಕೇಸ್ ಬರೆಯೋಕೆ ನನ್ನ ಅರ್ಜಿ ತೆಗೆದರು. ಕೇಸಾದರೆ ಲೈಸೆನ್ಸ್ ಹೋದಂಗೆ. ಮೈಯೆಲ್ಲ ಉರಿದುಹೋಯ್ತು. ನನ್ನ ಡ್ರೋನು ನಿಮ್ಮ ಮೇಜಿನ ಮೇಲೈತೆ, ಹಾರ್ತಿರೋವು ಅಗೋ ಅಲ್ಲಿ ಅವೆ, ಅವರನ್ನ ಹಿಡೀರಿ ಅಂತ ಕೂಗಾಡಿದೆ.

ಸಾಹೇಬರು ಕಿಟಕಿಯಾಚೆ ನೋಡಿ ಪೆನ್ನಿನ ಮುಚ್ಚಳ ತೆಗೆದರು.

"ಅವ್ರು ಯಾರೂ ಅರ್ಜಿನೇ ಕೊಟ್ಟಿಲ್ವಲ್ಲಯ್ಯ. ಹೆಸ್ರು, ವಿಳಾಸ ಇಲ್ದೆ ಕೇಸ್ ಹೆಂಗೆ ಬರೆಯೋದು?"