ಶೆಡ್ಡಿನಲ್ಲಿ ಮಗಳ ಪಾಠ

೧೯೮೮ರಲ್ಲಿ, ಏಳನೆಯ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಶಾಲೆಗೇನೂ ನಷ್ಟವಾಗಲಿಲ್ಲ, ನನಗೂ ಆಗಲಿಲ್ಲ ಎಂದು ಮೊನ್ನೆಯವರೆಗೆ ನಂಬಿದ್ದೆ. ಒಣದ್ರಾಕ್ಷಿಯನ್ನು ಬರೀ ಮುಟ್ಟಿ ಒಂದನೆಯ ನಂಬರು, ಎರಡನೆಯ ನಂಬರು ಎಂದು ಬೇರೆ ಮಾಡುವುದರಲ್ಲಿ ಅಥಣಿ ಸೀಮೆಯಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ!

ಮಗಳು ಗೌರಿ ಎಂ.ಎ. ಕೊನೆಯ ವರ್ಷ. ಕಾಲೇಜಿನಲ್ಲಿ ಪಾಠ ಮಾಡುವುದನ್ನು ಅವಳಿಗೀಗ ಕಲಿಸುತ್ತಿದ್ದಾರೆ. ಬೇರೆ ಬೇರೆ ಭಾಷೆಯ, ಬೇರೆ ಬೇರೆ ತರದ ಹತ್ತು ಜನರನ್ನು ಕೂಡಿಸಿ, ಒಬ್ಬರೂ ಹೊರಗುಳಿಯದಂತೆ ಪಾಠ ಮಾಡಿ ತೋರಿಸಬೇಕು. ಅವಳ ಮೇಡಂ ಬಂದು ನೋಡುತ್ತಾರೆ. ಒಪ್ಪಿದರೆ ಮುಂದಿನ ತಿಂಗಳಿಂದ ಬಿ.ಎ. ಮೊದಲ ವರ್ಷಕ್ಕೆ ಗೌರಿಯ ಪಾಠ. ಇಲ್ಲದಿದ್ದರೆ ಇಲ್ಲ.

“ಹತ್ತ ಮಂದೀನ ಎಲ್ಲಿಂದ ತರ್ಲಿ ಅಪ್ಪಾ?”

“ನಮ್ಮ ಒಣದ್ರಾಕ್ಷಿ ಶೆಡ್ ಐತಲ್ಲ, ಊರಾಗ ಮಂದಿ ಐತಲ್ಲ! ಎಲ್ಲಾ ನನಗ ಬಿಡು.”

ಒಳಗಿನಿಂದ ಹೆಂಡತಿ ಕೂಗಿದಳು: “ಎಲ್ಲಾ ಅವರ ಕೈಗೆ ಬಿಡಬ್ಯಾಡ ಯವ್ವಾ!”

ರವಿವಾರ ಮೇಡಂ ಬರುವಷ್ಟರಲ್ಲಿ ಶೆಡ್ಡಿನಲ್ಲಿ ತರಗತಿ ಸಿದ್ಧವಾಗಿತ್ತು. ನನ್ನ ಪದ್ಧತಿಯಂತೆ! ಫಟಾಫಟ್ ಉತ್ತರ ಹೇಳುವವರು ಮುಂದೆ, ಖುರ್ಚಿಯ ಮೇಲೆ. ಸುಮಾರಿನವರು ನಡುವೆ. ಮರಾಠಿ ಮಾತ್ರ ಆಡುವ ತಾರಾಬಾಯಿ, ಕಿವಿ ಕೇಳದ ಬಸಪ್ಪ ಕಾಕಾ, ಎಂದೂ ಬಾಯಿ ಬಿಡದ ಕುರಿ ಕಾಯುವ ಮಾಳಪ್ಪ, ಈ ಮೂವರು ಹಿಂದೆ, ಕ್ರೇಟುಗಳ ಮರೆಯಲ್ಲಿ. ಎಲ್ಲರಿಗಿಂತ ಮುಂದೆ ಒಂದನೆಯ ನಂಬರಿನ ಮಾಲು: ನಾನು.

ಗೌರಿ ಒಳಗೆ ಕಾಲಿಟ್ಟವಳೇ ಹಣೆ ಚಚ್ಚಿಕೊಂಡಳು. “ಇದೇನ್ ಮಾಡೀದಿ ಅಪ್ಪಾ? ಮಂದೀನ ಗ್ರೇಡಿಂಗ್ ಮಾಡೀದಿ!”

“ಚೊಲೋ ಮಾಲ್ ಮೊದಲ ಕಣ್ಣಿಗೆ ಬೀಳ್ಬೇಕವ್ವಾ!”

ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು.

ಪಾಠ, ಮಾರುಕಟ್ಟೆಯಲ್ಲಿ ಬೆಲೆ ಹೇಗೆ ನಿಲ್ಲುತ್ತದೆ ಎಂಬುದರ ಮೇಲೆ. ಗೌರಿಯ ಮೊದಲ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. ಎರಡನೆಯದಕ್ಕೂ ಕೊಟ್ಟೆ. ಮೂರನೆಯದಕ್ಕೆ ಕೊಟ್ಟಾಗ ಅವಳು ಅದನ್ನಿನ್ನೂ ಕೇಳಿರಲಿಲ್ಲ!

“ಮಾಳಪ್ಪಣ್ಣಾ, ನೀವ್ ಹೇಳ್ರಿ.”

“ಅಂವಗೇನ್ ಗೊತ್ತಾಗತೈತಿ, ಮುಂದ ಹೋಗು” ಎಂದೆ ನಾನು.

ಮೇಡಂ ವಹಿಯಲ್ಲಿ ಏನೋ ಬರೆದುಕೊಂಡರು. ನನ್ನ ಜಾಣತನವನ್ನೇ ಇರಬೇಕೆಂದು ಎದೆ ಉಬ್ಬಿಸಿದೆ. ಗೌರಿಯ ಮುಖ ಬಿಳಿಚಿತು.

ಅವಳು ಹಿಂದಿನ ಕ್ರೇಟುಗಳನ್ನು ಬದಿಗೆ ಸರಿಸಿದಳು. ಆಮೇಲೆ “ಎಲ್ಲಾರೂ ಏಳ್ರಿ, ದುಂಡಗ ಕೂಡ್ರಿ” ಎಂದಳು. ನನ್ನನ್ನು ಬಸಪ್ಪ ಕಾಕಾನ ಪಕ್ಕದಲ್ಲಿ ಕೂರಿಸಿ ಕೈಗೆ ಪಾಟಿ, ಬಳಪ ಕೊಟ್ಟಳು.

“ಅಪ್ಪಾ, ಯಾರ್ ಏನ್ ಹೇಳ್ತಾರೋ ಬರದ ತೋರಸು. ಕಾಕಾಗ ಓದಾಕ ಬರತೈತಿ.”

ಬರೆಯತೊಡಗಿದೆ. ಜನ ಇಷ್ಟು ಬೇಗ ಮಾತಾಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ! ಬೆವರು ಒರೆಸಿಕೊಳ್ಳಲೂ ಪುರಸೊತ್ತಿಲ್ಲ, ಬಾಯಿ ಹಾಕುವುದಂತೂ ದೂರ. ಮಾಳಪ್ಪ ಕುರಿಸಂತೆಯ ಬೆಲೆಯನ್ನು ಎಳೆಎಳೆಯಾಗಿ ಬಿಡಿಸಿದ. ತಾರಾಬಾಯಿಯನ್ನು ಗೌರಿ ಮರಾಠಿಯಲ್ಲೇ ಕೇಳಿದಳು. ಅವಳೂ ಮರಾಠಿಯಲ್ಲೇ ಉತ್ತರಿಸಿದಳು. ಮಾಲಕರು ಪೆಟ್ಟಿಗೆಯ ಮೇಲ್ಗಡೆ ಚೊಲೋ ಮಾಲು ಹಾಕುತ್ತಾರಂತೆ, ವ್ಯಾಪಾರಿ ಕೆಳಗಿನಿಂದ ಬಿಚ್ಚಿ ನೋಡಿ ಬೆಲೆ ಹೇಳುತ್ತಾನಂತೆ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಅದನ್ನೂ ನಾನೇ ಕೈಯಾರೆ ಬರೆಯಬೇಕಾಯಿತು!

ಕಾಕಾ ಓದಿ, “ಖರೇ ಐತಿ ನೋಡ್ಲೇ!” ಎಂದು ನನ್ನ ಬೆನ್ನಿಗೆ ಗುದ್ದಿದ.

ಮೇಡಂ ಎದ್ದು ಗೌರಿಯ ಕೈ ಹಿಡಿದು ನನ್ನ ಕಡೆ ನೋಡಿದರು. “ಇಂತಾವ್ರು ಪ್ರತಿ ಕ್ಲಾಸಿನ್ಯಾಗ ಒಬ್ರ ಇರ್ತಾರ. ಇವರನ್ನ ಸಂಭಾಳಿಸೀದಿ ಅಂದಮ್ಯಾಲ ಮುಂದಿನ ತಿಂಗಳಿಂದ ಬಾರವ್ವಾ.”

ನನ್ನನ್ನು ಹೊಗಳಿದರೆಂದು ಕೈಮುಗಿದೆ. ಅವರು ಹೋದಮೇಲೆ ಹೆಂಡತಿ ಅರ್ಥ ಬಿಡಿಸಿ ಹೇಳಿದಳು.

ಈಗ ನನ್ನ ಹತ್ತಿರ ಇರುವುದಿಷ್ಟು: ಮೂರು ಎಕರೆ ದ್ರಾಕ್ಷಿ, ಒಂದು ಶೆಡ್ಡು, ಎರಡು ಎಮ್ಮೆ, ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ಮಗಳು, ಒಂದು ಪಾಟಿ, ಅರ್ಧ ಬಳಪ.